ಅವರ ಎಡ

ಮೊದಲ ದಿನ ಯಾರೂ ಕತ್ತರಿ ಮುಟ್ಟಲಿಲ್ಲ.
ಹದಿನಾಲ್ಕನೇ ಮೇಜಿನೆದುರು ಮಂಡಿಯೂರಿ
ಮಲ್ಲಿಗೆ ಮಾಲೆಯಿಟ್ಟು ಕೈಮುಗಿದೆವು.
ಖೋನ್ ಕೇನಿನ ನಮ್ಮ ಕಾಲೇಜಿನಲ್ಲಿ
ಹೆಣ ಅನ್ನುವುದಿಲ್ಲ. ಆಚಾನ್ ಯಾಯ್, ದೊಡ್ಡ ಗುರು.
ಹೆಸರು ಮಾತ್ರ ವರ್ಷ ಮುಗಿಯುವತನಕ ಗುಟ್ಟು.

ಆಚಾನ್ ವೀರಯುತ್ ಹೇಳಿದರು:
ಇವರು ಮಲಗಿಲ್ಲ.
ನಿಂತಿದ್ದಾರೆ ಅಂದುಕೊಳ್ಳಿ. ಮುಖ ಮುಂದಕ್ಕೆ,
ಪಾದ ಮುಂದಕ್ಕೆ, ತೋಳು ಇಳಿಬಿಟ್ಟು,
ಅಂಗೈ ನಿಮ್ಮ ಕಡೆಗೆ ತೆರೆದು.
ಲೋಕದ ವೈದ್ಯರೆಲ್ಲ ಯಾವ ದೇಹವನ್ನೂ
ಮೊದಲು ಹೀಗೆ ಎಬ್ಬಿಸಿ ನಿಲ್ಲಿಸುತ್ತಾರೆ.
ಆಮೇಲೆ ಮಾತು.

ಆ ರಾತ್ರಿ ಹಾಸ್ಟೆಲ್ಲಿನ ಕನ್ನಡಿಯೆದುರು ನಿಂತು ನೋಡಿದೆ.
ಯಾರೂ ಹೀಗೆ ನಿಲ್ಲುವುದಿಲ್ಲ,
ಬಸ್ಸಿಗೆ ಕಾಯುವವರೂ, ಬೈಸಿಕೊಳ್ಳುವವರೂ.
ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ;
ಹುಣ್ಣಿಲ್ಲದ ಅಂಗೈಯನ್ನು ಹೀಗೆ ತೆರೆದು ಹಿಡಿದರೆ
ಏನೋ ಕೊಟ್ಟು ಮುಗಿಸಿದಂತೆ,
ಇನ್ನೇನೂ ಉಳಿದಿಲ್ಲ ನೋಡಿ ಅಂದಂತೆ.
ಹೆಬ್ಬೆರಳು ಹೊರಬದಿಗಾಯಿತು, ಕಿರುಬೆರಳು ಒಳಬದಿಗೆ.
ಹತ್ತೊಂಬತ್ತು ವರ್ಷ ತಿಳಿದದ್ದು ತಿರುಗುಮುರುಗು.

ಕಲಿತೆವು.
ನೆತ್ತಿಯಿಂದ ಇಳಿಯುವ ಒಂದು ನಡುಗೆರೆ,
ಯಾರ ಮೈಮೇಲೂ ಬರೆದಿಲ್ಲ, ಎಲ್ಲರಿಗೂ ಇದೆ.
ಅದಕ್ಕೆ ಹತ್ತಿರದ್ದು ಮೀಡಿಯಲ್, ದೂರ ಸರಿದದ್ದು ಲ್ಯಾಟರಲ್.
ತಲೆಯ ಕಡೆಯದು ಮೇಲೆ, ಪಾದದ ಕಡೆಯದು ಕೆಳಗೆ;
ತಲೆಕೆಳಗಾಗಿ ನಿಂತರೂ ಮೂಗು ಬಾಯಿಗಿಂತ ಮೇಲೆಯೇ.
ತೋಳು ಹುಟ್ಟುವ ಭುಜಕ್ಕೆ
ಮೊಣಕೈ ಹತ್ತಿರದ ನೆಂಟ, ಪ್ರಾಕ್ಸಿಮಲ್,
ಮಣಿಕಟ್ಟು ದೂರದ್ದು, ಡಿಸ್ಟಲ್.
ಪನಿದಾ ನಕ್ಕಳು: ಹಾಗಾದರೆ ನಾನು ನೋಂಗ್ ಖಾಯಿಗೆ ಡಿಸ್ಟಲ್,
ಅಮ್ಮನ ಫೋನಿಗೆ ಮಾತ್ರ ತೀರಾ ಪ್ರಾಕ್ಸಿಮಲ್.

ಮೂರನೇ ವಾರ, ಆರು ಜನ ಸೇರಿ
ಗುರುವನ್ನು ಬೋರಲು ಮಾಡಿದೆವು.
ಕ್ಷಮಿಸಿ, ಅಂದರು ಯಾರೋ.
ಎದೆ ಉಕ್ಕಿನ ಮೇಜಿಗೊತ್ತಿತ್ತು, ಬೆನ್ನು ಸೂರು ನೋಡುತ್ತಿತ್ತು.
ಆದರೂ ಎದೆಯೇ ಮುಂದೆ, ಬೆನ್ನೇ ಹಿಂದೆ.
ನಾವು ಹೊರಳಿಸಿದ್ದಕ್ಕೆ ಒಂದು ಪದವೂ ಹೊರಳಲಿಲ್ಲ.

ನನ್ನ ಎಡವಟ್ಟು ಎಡದಲ್ಲೇ.
ಪರೀಕ್ಷೆಗೆ ನರನರಕ್ಕೂ ಗುಂಡುಸೂಜಿ,
ಸೂಜಿಗೊಂದು ಕೆಂಪು ದಾರ,
ಮೂವತ್ತು ಸೆಕೆಂಡಿಗೊಮ್ಮೆ ಗಂಟೆ.
ಹೆಸರು ಸರಿ ಬರೆದೆ, ಬದಿ ತಪ್ಪಿದೆ.
ಹಾಳೆಯ ಅಂಚಿನಲ್ಲಿ ಆಚಾನರ ಸಣ್ಣ ಅಕ್ಷರ:
ನಿನ್ನ ಎಡ ಅಲ್ಲ. ಅವರ ಎಡ.

ಬಲಮಂಡಿಯ ಒಳಬದಿ ಸವೆದು ಸವೆದು
ಮೂಳೆಗೆ ಮೂಳೆ ತಾಗಿತ್ತು.
ಎಡದ್ದು ಎಳೆ ಹುಡುಗಿಯದರಂತೆ ನುಣುಪು.
ಒಂದೇ ಯಾಕೆ?
ನೋಟ್‌ಬುಕ್ಕಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿ
ಮುಂದಿನ ಪುಟಕ್ಕೆ ಹೋದೆ.

ವರ್ಷದ ಕೊನೆಗೆ, ಚಿತೆಗೆ ಮುನ್ನ, ಹೆಸರು ಓದಿದರು:
ಬುವಾಲೀ. ಎಪ್ಪತ್ತಮೂರು. ದರ್ಜಿ.
ನಲವತ್ತು ವರ್ಷ ಬರೀ ಶಾಲೆಯ ಸಮವಸ್ತ್ರ.
ಮಗಳು ಕನ್ಹಾ ಬಂದಿದ್ದರು, ಬಿಳಿ ಅಂಗಿ,
ಹೊಲಿಗೆ ಯಾರದ್ದೋ, ಅಮ್ಮನದ್ದಲ್ಲ.
ಅಂಗಡಿಗೆ ಬಂದ ಮಕ್ಕಳಿಗೆಲ್ಲ ಒಂದೇ ಮಾತು, ಅಂದರು:
ನೆಟ್ಟಗೆ ನಿಲ್ಲು, ಮುಂದೆ ನೋಡು, ಕೈ ಇಳಿಬಿಡು.
ಹಲ್ಲಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳೋಳು,
ಅರ್ಧ ಅರ್ಥವಾಗ್ತಿರಲಿಲ್ಲ.

ಆಮೇಲೆ, ದನಿ ಇಳಿಸಿ:
ಕಾಲು ನೋವು, ಕಾಲು ನೋವು ಅಂತಿದ್ದಳು.
ನಾವು ನೆಪ ಅಂದುಕೊಂಡೆವು.
ನೀವು ಒಳಗೆ ನೋಡಿದವರು. ನಿಜಕ್ಕೂ ಇತ್ತಾ?

ಬಾಯಿಗೆ ಬಂದ ಪದ ಹಲ್ಲಿನ ಹಿಂದೆಯೇ ನಿಂತಿತು.
ಮಂಡಿಯೂರಿದೆ.
ಎದುರಿಗಿದ್ದ ಎರಡು ಕಾಲು ನೋಡಿ
ಒಮ್ಮೆ ಲೆಕ್ಕ ಹಾಕಿದೆ, ನನ್ನದಲ್ಲ, ಅವರದು,
ಆಮೇಲೆ ಮುಟ್ಟಿದೆ.
ಇಲ್ಲಿ, ಅಂದೆ. ಈ ಒಳಗಡೆ. ಇತ್ತು.

ಪೆಡಲಿನ ಕಾಲು, ಅಂದರು ಅವರು,
ನನ್ನ ಕೈ ತೆಗೆಯಗೊಡದೆ.